ಮಳೆ ರಜೆ ಬಂದ ದಿನ ಹೊಟ್ಟೆನೋವು ಇರುವುದಿಲ್ಲ

(ಮಡಿಕೇರಿ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ. ಪತ್ರದ ಸಾರ ಇಷ್ಟು: ಮಗನಿಗೆ 9 ವರ್ಷ. ಸರ್ಕಾರಿ ಶಾಲೆಯಲ್ಲಿ 4ನೇ ತರಗತಿ. 3ನೇ ತರಗತಿವರೆಗೆ ಖುಷಿಯಾಗಿ ಹೋಗುತ್ತಿದ್ದವನು ಈ ಜೂನ್‌ನಿಂದ ಬೆಳಗಾದರೆ ಹೊಟ್ಟೆನೋವು ಅನ್ನುತ್ತಾನೆ. ಲೆಕ್ಕದ ಟೀಚರ್ ಬಹಳ ಜೋರು. ಹೊಡೆಯುವುದಿಲ್ಲ, ಆದರೆ ಲೆಕ್ಕ ತಪ್ಪಾದರೆ ಪುಸ್ತಕ ಎಸೆಯುತ್ತಾರೆ, "ತಲೆಯಲ್ಲಿ ಮಣ್ಣು ತುಂಬಿದೆಯಾ" ಅಂತ ಎಲ್ಲರೆದುರು ಕೇಳುತ್ತಾರೆ. ಬೇರೆ ಮಕ್ಕಳಿಗೆ ಬೈದರೂ ಇವನ ಕಣ್ಣಲ್ಲಿ ನೀರು. ಮಿಲಿಟರಿಯಿಂದ ನಿವೃತ್ತರಾದ ಅಜ್ಜ "ಗಂಡು ಹುಡುಗ, ಗಟ್ಟಿಯಾಗಲಿ ಬಿಡು" ಅನ್ನುತ್ತಾರೆ. ಅಪ್ಪ ಏನೂ ಹೇಳುವುದಿಲ್ಲ. ದೂರು ಕೊಟ್ಟರೆ ಟೀಚರ್ ಮಗನ ಮೇಲೆ ಸಿಟ್ಟು ತೀರಿಸಿಕೊಂಡಾರು ಅಂತ ಭಯ. 14 ಕಿಲೋಮೀಟರ್ ದೂರದ ಖಾಸಗಿ ಶಾಲೆಗೆ ಸೇರಿಸಲಾ, ಇಲ್ಲ ಇವನನ್ನೇ ಸ್ವಲ್ಪ ಗಟ್ಟಿ ಮಾಡುವುದು ಹೇಗೆ ಅಂತ ಕೇಳಿದ್ದಾರೆ.)

ನಮಸ್ಕಾರ.

ಬಹಳ ಮುಖ್ಯವಾದ ಒಂದು ವಿಷಯವನ್ನು ನೀವು ಪತ್ರದಲ್ಲಿ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಡಿಸಿ ಮಳೆ ರಜೆ ಕೊಟ್ಟಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬಂದ ಕೂಡಲೇ ಮಗನ ಹೊಟ್ಟೆನೋವು ಹೋಯಿತು, ಎದ್ದು ಬಂದು ಎರಡು ಅಕ್ಕಿ ರೊಟ್ಟಿ ತಿಂದ ಅಂತ. ಅಜ್ಜ ಅದನ್ನು ನೋಡಿ "ಎಲ್ಲ ನಾಟಕ" ಅಂದರಂತೆ. ನಿಮಗೂ ಒಳಗೊಳಗೇ ಅನುಮಾನ ಬಂದಿದೆ ಅಂತ ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ.

ಅದು ನಾಟಕ ಅಲ್ಲ. ಹೆದರಿದಾಗ ಮೈ ತಾನಾಗಿಯೇ ಓಡುವುದಕ್ಕೆ ಸಜ್ಜಾಗುತ್ತದೆ. ಎದೆಬಡಿತ ಏರುತ್ತದೆ, ಹೊಟ್ಟೆಯ ಕೆಲಸ ಏರುಪೇರಾಗುತ್ತದೆ, ಕರುಳು ಹಿಂಡಿದ ಹಾಗಾಗುತ್ತದೆ. ದೊಡ್ಡವರಿಗೆ ಇಂಟರ್ವ್ಯೂಗೆ ಹೋಗುವ ದಿನ ಬೆಳಿಗ್ಗೆ ಆಗುವುದೂ ಇದೇ ಅಲ್ವಾ? ಹೆದರಿಕೆಯ ಕಾರಣ ಹೋದರೆ ನೋವೂ ಹೋಗುತ್ತದೆ. ರಜೆ ಅಂದ ತಕ್ಷಣ ಹೋಯಿತು ಅಂದರೆ ಆ ನೋವಿನ ಬೇರು ಎಲ್ಲಿದೆ ಅಂತ ನಿಮಗೆ ಸಿಕ್ಕಿದ ಹಾಗೆ. ಆದರೂ ಒಂದು ಸಲ ಡಾಕ್ಟರಿಗೆ ತೋರಿಸಿ, ಜಂತುಹುಳ, ಮಲಬದ್ಧತೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮನೆಯಲ್ಲಿ ಯಾರೂ ಅದನ್ನು ಸುಳ್ಳು ಅನ್ನಬಾರದು. ನೋವು ಇದೆ, ಗೊತ್ತು, ಬಿಸಿನೀರು ಕುಡಿ, ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ, ಶಾಲೆಗೆ ಹೋಗೋಣ. ಇಷ್ಟೇ ಮಾತು. ರಜೆ ಹಾಕಿಸಬೇಡಿ. ಒಂದು ದಿನ ತಪ್ಪಿಸಿಕೊಂಡರೆ ಮರುದಿನದ ಭಯ ಇನ್ನೂ ದೊಡ್ಡದಾಗುತ್ತದೆ. ನಮ್ಮಲ್ಲಿ ಹೇಗೂ ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆಗಳು ಸಾಲಾಗಿ ಬರುತ್ತವೆ. ಅಂಥ ರಜೆ ಮುಗಿದ ಮೊದಲ ಬೆಳಿಗ್ಗೆ ಅವನಿಗೆ ಎಲ್ಲಕ್ಕಿಂತ ಕಷ್ಟದ್ದು, ಆ ದಿನ ನೀವೋ ಅವನ ಅಪ್ಪನೋ ಶಾಲೆವರೆಗೆ ಜೊತೆಗೆ ಹೋಗಿ.

ಇನ್ನೊಂದು ವಿಷಯ. ಮೂರನೇ ತರಗತಿವರೆಗೆ ಸರಿ ಇದ್ದ, ಈ ಜೂನ್‌ನಿಂದ ಹೀಗೆ ಅಂದಿರಿ. ಸರ್ಕಾರಿ ಶಾಲೆಯಲ್ಲಿ 1ರಿಂದ 3ನೇ ತರಗತಿವರೆಗೆ ನಲಿ ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಕಾರ್ಡು ತೆಗೆದುಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ, ಹಾಡು, ಆಟ, ಕಥೆ ಎಲ್ಲ ಇರುತ್ತದೆ. ಹಿಂದೆ ಉಳಿದವನನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವ ಸಂದರ್ಭ ಕಡಿಮೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಬೆಂಚು, ಪಠ್ಯಪುಸ್ತಕ, ಎಲ್ಲರಿಗೂ ಒಂದೇ ಲೆಕ್ಕ, ಕೇಳಿದ ತಕ್ಷಣ ಉತ್ತರ. ನಿಮ್ಮ ಮಗನಿಗೆ ಜೋರು ಟೀಚರ್ ಮತ್ತು ಹೊಸ ಪದ್ಧತಿ ಎರಡೂ ಒಂದೇ ತಿಂಗಳಲ್ಲಿ ಎದುರಾದವು. ಮನೆಯಲ್ಲಿ ಮಾತಾಡುವುದು ಅರೆಭಾಷೆ, ಅದು ಶಾಲೆಯ ಕನ್ನಡಕ್ಕಿಂತ ಬೇರೆ; ಟೀಚರ್ ಬಯಲುಸೀಮೆಯವರು, ಅವರು ವೇಗವಾಗಿ ಮಾತಾಡುತ್ತಾರೆ ಅಂತಲೂ ಬರೆದಿದ್ದೀರಿ. ಪ್ರಶ್ನೆ ಅರ್ಥವಾಗಲು ಅವನಿಗೆ ಇನ್ನೊಂದು ಗಳಿಗೆ ಬೇಕು. ಆ ಗಳಿಗೆಯಲ್ಲೇ ಪುಸ್ತಕ ಹಾರಿ ಬೀಳುತ್ತದೆ.

ಇವನ ಸ್ವಭಾವದ ಬಗ್ಗೆಯೂ ಹೇಳಬೇಕು. ನ್ಯೂಯಾರ್ಕಿನ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಲ್ಲಿ ಶುರು ಮಾಡಿ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಾಗಿದ್ದಾಗಿನಿಂದ ದೊಡ್ಡವರಾಗುವವರೆಗೆ ಗಮನಿಸಿದರು. ಕೆಲವು ಮಕ್ಕಳು ಹುಟ್ಟಿನಿಂದಲೇ ಹೊಸದಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತಾರೆ, ಕೆಲವರಿಗೆ ಸದ್ದು, ಸಿಟ್ಟು ಬೇಗ ತಟ್ಟುತ್ತದೆ. ಸ್ವಭಾವ ಒಂದೇ ತೊಂದರೆ ತರುವುದಿಲ್ಲ, ಮಗುವಿನ ಸ್ವಭಾವಕ್ಕೂ ಸುತ್ತಲಿನವರ ರೀತಿಗೂ ತಾಳೆ ಆಗದಿದ್ದಾಗ ತೊಂದರೆ ಶುರುವಾಗುತ್ತದೆ ಅನ್ನುವುದು ಅವರು ಕಂಡ ಮುಖ್ಯ ವಿಷಯ. ಪಕ್ಕದ ಹುಡುಗನಿಗೆ ಬೈದಾಗ ನಿಮ್ಮ ಮಗ ಅಳುತ್ತಾನಲ್ಲ, ಅದು ಅಂಜುಬುರುಕುತನ ಅಂತ ನನಗೆ ಅನ್ನಿಸುವುದಿಲ್ಲ. ಇನ್ನೊಬ್ಬರ ನೋವು ಅವನಿಗೆ ಮುಟ್ಟುತ್ತದೆ. ಅದನ್ನು ತೆಗೆದುಹಾಕಲು ದಯವಿಟ್ಟು ಪ್ರಯತ್ನಿಸಬೇಡಿ.

ಈಗ ಅಜ್ಜನ ವಿಷಯ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ನಮ್ಮದು, ಮನೆಮನೆಯಲ್ಲೂ ಒಬ್ಬರು ಸೈನ್ಯದಲ್ಲಿದ್ದು ಬಂದವರು. ಅವರು ಗಟ್ಟಿಯಾಗು ಅನ್ನುವುದರಲ್ಲಿ ಪ್ರೀತಿ ಇದೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅಜ್ಜನನ್ನೇ ಕೇಳಿ ನೋಡಿ. ಅವರು ಸೈನ್ಯಕ್ಕೆ ಸೇರಿದಾಗ ಬೆಳೆದ ಹುಡುಗ. ಸುತ್ತ ಅವರಂತೆಯೇ ಬೈಗುಳ ತಿನ್ನುತ್ತಿದ್ದ ಜೊತೆಗಾರರು ಇದ್ದರು, ರಾತ್ರಿ ಬ್ಯಾರಕ್ಕಿನಲ್ಲಿ ಕೂತು ಹವಾಲ್ದಾರನ ಬಗ್ಗೆ ಹೇಳಿಕೊಂಡು ಹಗುರಾಗುತ್ತಿದ್ದರು. 9 ವರ್ಷದ ಮಗು ಬೈಸಿಕೊಂಡು ಮನೆಗೆ ಬಂದರೆ ಹೇಳಿಕೊಳ್ಳಲು ಯಾರಿದ್ದಾರೆ? ಅಳಬೇಡ ಅಂದರೆ ಅವನು ಅಳು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾನೆ. ನನಗೆ ನಿಜವಾಗಿ ಭಯ ಅದರದ್ದೇ. ಇವತ್ತು ಟೀಚರ್ ಬೈದದ್ದನ್ನು ಮುಚ್ಚಿಡಲು ಕಲಿತ ಮಗು ನಾಳೆ ಇದಕ್ಕಿಂತ ಕೆಟ್ಟದ್ದು ನಡೆದರೂ ಮುಚ್ಚಿಡುತ್ತದೆ. ಅಜ್ಜನಿಗೆ ಒಂದು ಕೆಲಸ ಕೊಡಿ. ತಾನು ಸೈನ್ಯದಲ್ಲಿ ಹೆದರಿದ್ದು ಯಾವಾಗ, ಆಗ ಏನು ಮಾಡಿದೆ ಅಂತ ಮೊಮ್ಮಗನಿಗೆ ಹೇಳಲಿ. ಅಜ್ಜನಿಗೂ ಭಯ ಆಗಿತ್ತು ಅಂತ ಗೊತ್ತಾದರೆ ಅವನಿಗೆ ಎಷ್ಟೋ ಧೈರ್ಯ ಬರುತ್ತದೆ.

ಮಗ ಶಾಲೆಯಿಂದ ಬಂದ ಕೂಡಲೇ "ಇವತ್ತು ಬೈದ್ರಾ?" ಅಂತ ಕೇಳುವುದನ್ನು ಇವತ್ತಿಗೇ ಬಿಡಿ. ದಿನವೂ ಅದೇ ಪ್ರಶ್ನೆ ಬಂದರೆ ಶಾಲೆಯ ಇಡೀ ದಿನ ಅವನಿಗೆ ಬೈಗುಳದ ಲೆಕ್ಕವಾಗಿಬಿಡುತ್ತದೆ. ತಿಂಡಿ ತಿನ್ನಲಿ, ಆಡಲಿ. ಸಂಜೆ ಒಲೆ ಮುಂದೆ ಬಟ್ಟೆ ಒಣಗಿಸುವಾಗಲೋ, ತೋಟದಲ್ಲಿ ಜೊತೆಗೆ ನಡೆಯುವಾಗಲೋ, ಮುಖಕ್ಕೆ ಮುಖ ಕೊಟ್ಟು ಕೂರದೆ ಕೈಯಲ್ಲಿ ಏನೋ ಕೆಲಸ ಇರುವಾಗ ಕೇಳಿ. ಅವನು ಹೇಳಿದರೆ ಮಧ್ಯೆ ಬಾಯಿ ಹಾಕಬೇಡಿ, ಸಿಟ್ಟು ತೋರಿಸಬೇಡಿ, ನೀವೂ ಅಳಬೇಡಿ. ಅಮ್ಮನಿಗೆ ನೋವಾಗುತ್ತದೆ ಅಂತ ಗೊತ್ತಾದರೆ ಇಂಥ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಮಲಗಿದ ಮೇಲೆ ಅವನು ಹೇಳಿದ್ದನ್ನು ತಾರೀಖು ಹಾಕಿ ಅವನ ಮಾತಿನಲ್ಲೇ ಬರೆದಿಡಿ. ಮುಂದೆ ಬೇಕಾಗಬಹುದು.

ಅವನೆದುರು ಟೀಚರನ್ನು ಬೈಯಬೇಡಿ. ನಿಮಗೆ ಸಮಾಧಾನ ಆಗಬಹುದು, ಅವನು ಮಾತ್ರ ಮರುದಿನ, ಅಮ್ಮನೇ "ಕೆಟ್ಟವರು" ಅಂದ ಆ ಟೀಚರ್ ಮುಂದೆ ಒಬ್ಬನೇ ಕೂರಬೇಕು. ಟೀಚರ್ ಹೇಳಿದ್ದರಲ್ಲಿ ಲೆಕ್ಕದ ಮಾತು ಯಾವುದು, ಸಿಟ್ಟಿನ ಮಾತು ಯಾವುದು ಅಂತ ಬಿಡಿಸಿ ನೋಡುವುದನ್ನು ಕಲಿಸಿ. "ದಶಕ ಬಿಟ್ಟಿದ್ದೀಯ" ಅನ್ನುವುದು ಲೆಕ್ಕದ ಮಾತು, ಅದನ್ನು ಮನೆಗೆ ತರಲಿ, ಸರಿ ಮಾಡೋಣ. "ತಲೆಯಲ್ಲಿ ಮಣ್ಣು" ಅನ್ನುವುದು ಸಿಟ್ಟಿನ ಮಾತು, ಅದು ಅವರದ್ದು, ಅಲ್ಲೇ ಬಿಟ್ಟು ಬರಲಿ. ಒಂದೇ ದಿನಕ್ಕೆ ಬರುವುದಿಲ್ಲ ಇದು. ಆದರೆ ಮಕ್ಕಳು ಈ ಆಟವನ್ನು ಬೇಗ ಹಿಡಿಯುತ್ತಾರೆ.

ಮನೆಯಲ್ಲಿ ಟೀಚರಾಟ ಆಡಿ. ಅವನೇ ಟೀಚರ್ ಆಗಲಿ, ನೀವು ತಪ್ಪು ಲೆಕ್ಕ ಮಾಡಿ. ಕ್ಲಾಸಿನಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಕೇಳದೆಯೇ ಗೊತ್ತಾಗುತ್ತದೆ. ಆಮೇಲೆ ಜಾಗ ಬದಲಿಸಿ, ಅವನಿಗೆ ಒಂದು ಮಾತು ಬಾಯಿಗೆ ಬರುವಷ್ಟು ಅಭ್ಯಾಸ ಮಾಡಿಸಿ: "ಟೀಚರ್, ಅರ್ಥ ಆಗಿಲ್ಲ, ಇನ್ನೊಂದ್ಸಲ ಹೇಳ್ತೀರಾ?" ಹೆದರಿದಾಗ ಹೊಸ ಮಾತು ಹುಟ್ಟುವುದಿಲ್ಲ, ಅಭ್ಯಾಸವಾದ ಮಾತು ಬರುತ್ತದೆ. ಎದೆ ಹೊಡೆದುಕೊಂಡಾಗ ಎರಡೂ ಪಾದ ನೆಲಕ್ಕೆ ಒತ್ತಿ ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಡಲು ಹೇಳಿಕೊಡಿ. ಬೆಂಚಿನ ಕೆಳಗೆ ಯಾರಿಗೂ ಕಾಣುವುದಿಲ್ಲ. ಲೆಕ್ಕವನ್ನೂ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು, ಕಾಲು ಗಂಟೆ ಸಾಕು, ಕಾಳುಮೆಣಸೋ ಕಾಫಿ ಬೀಜವೋ ಹತ್ತು ಹತ್ತರ ಗುಡ್ಡೆ ಮಾಡಿಸಿ ಹೇಳಿಕೊಡಿ. ಲೆಕ್ಕ ಬಂತು ಅಂದರೆ ಅರ್ಧ ಭಯ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಟೀಚರನ್ನು ನೋಡಲೇಬೇಕು. ಎಲ್ಲ ಭಾರವನ್ನೂ ಮಗುವಿನ ಮೇಲೆ ಹಾಕುವುದು ಅನ್ಯಾಯ. ಗೇಟಿನಲ್ಲಿ ಬೇಡ, ಸಂತೆಯಲ್ಲಿ, ಮದುವೆಯಲ್ಲಿ ಸಿಕ್ಕಾಗ ಬೇಡವೇ ಬೇಡ. ಶಾಲೆ ಬಿಟ್ಟ ಮೇಲೆ ಐದು ನಿಮಿಷ ಸಿಗುತ್ತೀರಾ ಅಂತ ಮೊದಲೇ ಕೇಳಿ. ಅಪ್ಪನೂ ಬರಲಿ, ಸುಮ್ಮನೆ ಕೂತರೂ ಸರಿ. "ನೀವು ಬೈಯುತ್ತೀರಂತೆ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ನನ್ನ ಮಗ ತುಂಬಾ ಸೂಕ್ಷ್ಮ" ಅಂದರೂ ಪ್ರಯೋಜನ ಇಲ್ಲ, ಮುದ್ದು ಜಾಸ್ತಿ ಅಂದುಕೊಳ್ಳುತ್ತಾರೆ. ಹೀಗೆ ಹೇಳಿ: "ಟೀಚರ್, ಇವನಿಗೆ ಜೋರು ದನಿ ಕೇಳಿದರೆ ಗೊತ್ತಿರುವ ಉತ್ತರವೂ ಮರೆತುಹೋಗುತ್ತೆ. ಮನೆಯಲ್ಲಿ ಮೆಲ್ಲ ಕೇಳಿದರೆ ಸರಿಯಾಗಿ ಮಾಡ್ತಾನೆ. ತಪ್ಪಾದಾಗ ನಿಮ್ಮ ಮೇಜಿನ ಹತ್ತಿರ ಕರೆದು ತೋರಿಸಿಕೊಡ್ತೀರಾ? ನಾವು ಮನೆಯಲ್ಲಿ ದಿನಾ ಕೂರಿಸ್ತೀವಿ." ಕೇಳಬೇಕಾದ್ದು ಇದೊಂದೇ. ಹತ್ತು ಕೇಳಿದರೆ ಒಂದೂ ಆಗುವುದಿಲ್ಲ.

ಅವರ ಕಷ್ಟವೂ ಇರುತ್ತದೆ. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಎರಡು ಮೂರು ತರಗತಿ ನೋಡಬೇಕು, ಅದರ ಮೇಲೆ ಆನ್‌ಲೈನ್ ಮಾಹಿತಿ ತುಂಬುವುದು, ಮೊಟ್ಟೆಯ ಲೆಕ್ಕ, ಚುನಾವಣೆ ಡ್ಯೂಟಿ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಸುರಿಯುವಾಗ ಕೂಗದೆ ಪಾಠವೇ ಕೇಳಿಸುವುದಿಲ್ಲ. ಇದನ್ನೆಲ್ಲ ನೆನಪಿಟ್ಟುಕೊಂಡು ಹೋದರೆ ನಿಮ್ಮ ದನಿಯೂ ಮೆತ್ತಗಿರುತ್ತದೆ. ಆದರೆ ಇವುಗಳಲ್ಲಿ ಯಾವುದೂ ಮಗುವಿನ ತಲೆಯಲ್ಲಿ ಮಣ್ಣಿದೆ ಅನ್ನುವುದಕ್ಕೆ ಕಾರಣ ಆಗುವುದಿಲ್ಲ.

ಎರಡು ಮೂರು ವಾರ ನೋಡಿ. ಬದಲಾಗದಿದ್ದರೆ ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಅದಾದ ಮೇಲೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. "ಹೊಡೆಯುವುದಿಲ್ಲವಲ್ಲ, ದೂರು ಕೊಡಲು ಆಗುತ್ತದಾ?" ಅಂತ ಕೇಳಿದ್ದೀರಿ. ಆಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮೀರಿದವರ ಮೇಲೆ ಇಲಾಖೆಯ ಶಿಸ್ತು ಕ್ರಮಕ್ಕೆ ಅವಕಾಶ ಇದೆ. ಸಿಟ್ಟಿನಲ್ಲಿ ಒಂದು ದಿನ ಬಾಯಿ ತಪ್ಪಿದ್ದಕ್ಕೆ ನಾನು ಬಿಇಒ ಹತ್ತಿರ ಹೋಗಿ ಅನ್ನುವುದಿಲ್ಲ. ದಿನವೂ, ಎಲ್ಲರೆದುರು, ಅದೇ ಮಗುವಿಗೆ ಅಂದರೆ ಅದು ಕಿರುಕುಳವೇ. ಇನ್ನು ಕೈ ಎತ್ತಿದರೆ, ಮಂಡಿಯೂರಿಸಿದರೆ, ಮೂತ್ರಕ್ಕೆ, ಊಟಕ್ಕೆ ಬಿಡದಿದ್ದರೆ, ಜಾತಿ ಎತ್ತಿ ಮಾತಾಡಿದರೆ, "ಮನೆಯಲ್ಲಿ ಹೇಳಿದರೆ ನೋಡು" ಅಂತ ಹೆದರಿಸಿದರೆ ಎರಡು ಮೂರು ವಾರ ಕಾಯಬೇಡಿ. ಅದೇ ದಿನ ಮುಖ್ಯ ಶಿಕ್ಷಕರ ಹತ್ತಿರ ಹೋಗಿ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು. ಸಿಟ್ಟು ತೀರಿಸಿಕೊಂಡಾರು ಅಂತ ನೀವು ಹೆದರುವುದು ನನಗೆ ಅರ್ಥವಾಗುತ್ತದೆ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಆದರೆ ಈ ಮಗುವಿನ ತಂದೆತಾಯಿ ಗಮನಿಸುತ್ತಿದ್ದಾರೆ, ಬರೆದಿಡುತ್ತಿದ್ದಾರೆ ಅಂತ ಗೊತ್ತಾದರೆ ಸಾಮಾನ್ಯವಾಗಿ ಅಂಥ ಮಗುವಿನ ಹತ್ತಿರ ಟೀಚರ್ ಬಾಯಿ ಬಿಗಿಹಿಡಿದೇ ಮಾತಾಡುತ್ತಾರೆ.

ಮಗ ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ, ರಾತ್ರಿ ಬೆಚ್ಚಿ ಎದ್ದರೆ, ಊಟ ಬಿಟ್ಟು ಸೊರಗಿದರೆ, ರಜಾ ದಿನವೂ ಮಂಕಾಗಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಳೆಯಲ್ಲಿ ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನು ಇರಬಾರದಿತ್ತು, ಸಾಯಬೇಕು ಅನ್ನುವಂಥ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಶಾಲೆ ಬದಲಿಸುವ ಬಗ್ಗೆ. ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೊಸ ಶಾಲೆ, ಹೊಸ ಮಕ್ಕಳು, ಇಂಗ್ಲಿಷ್ ಮಾಧ್ಯಮ, ದಿನಾ 28 ಕಿಲೋಮೀಟರ್ ಬಸ್ಸು, ಅದೂ ಈ ಮಳೆಯಲ್ಲಿ. ನಿಧಾನವಾಗಿ ಹೊಂದಿಕೊಳ್ಳುವ ಮಗುವಿಗೆ ಇದು ಚಿಕ್ಕ ವಿಷಯ ಅಲ್ಲ. ಅಲ್ಲಿ ಜೋರು ಟೀಚರ್ ಇರುವುದಿಲ್ಲ ಅಂತ ಯಾರು ಹೇಳಿದರು? ಈ ಶಾಲೆಯಲ್ಲಿ ಅವನಿಗೆ ಗೆಳೆಯರಿದ್ದಾರೆ, ನಲಿ ಕಲಿ ಟೀಚರ್ ಕಂಡರೆ ಈಗಲೂ ಓಡಿಹೋಗಿ ಮಾತಾಡಿಸುತ್ತಾನೆ ಅಂತ ನೀವೇ ಬರೆದಿದ್ದೀರಿ. ಆ ಟೀಚರ್ ಹತ್ತಿರ ಒಂದು ಮಾತು ಹೇಳಿ, ಮಧ್ಯಾಹ್ನ ಊಟದ ಹೊತ್ತಿಗೆ ಅವನನ್ನು ಒಮ್ಮೆ ಮಾತಾಡಿಸಿದರೂ ಸಾಕು. ದಸರಾ ರಜೆವರೆಗೆ ನೋಡಿ. ಅಷ್ಟರೊಳಗೆ ಎಲ್ಲ ಪ್ರಯತ್ನ ಮಾಡಿಯೂ ಯಾರೂ ಕಿವಿಗೊಡದಿದ್ದರೆ ಸಂಕೋಚ ಇಲ್ಲದೆ ಬದಲಿಸಿ. 14 ಕಿಲೋಮೀಟರ್ ದೂರದ್ದೇ ಆಗಬೇಕಿಲ್ಲ, ಹತ್ತಿರದ ಇನ್ನೊಂದು ಸರ್ಕಾರಿ ಶಾಲೆಯನ್ನೂ ನೋಡಿ ಬನ್ನಿ. ಅಂಥ ಶಾಲೆಗೆ ವರ್ಷದ ಮಧ್ಯದಲ್ಲೂ ಸೇರಿಸಬಹುದು, ವರ್ಗಾವಣೆ ಪತ್ರವನ್ನು ಮುಖ್ಯ ಶಿಕ್ಷಕರು ತಡಮಾಡದೆ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ನೋಡಲು ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ, ತರಗತಿಯಲ್ಲಿ ಅರ್ಧ ಗಂಟೆ ಕೂರಲು ಬಿಡುತ್ತಾರಾ ಕೇಳಿ.

ಟೀಚರನ್ನು ಭೇಟಿಯಾದ ಮೇಲೆ ಏನಾಯಿತು ಅಂತ ಬರೆಯಿರಿ. ಮುಖ್ಯ ಶಿಕ್ಷಕರಿಗೆ ಕೊಡುವ ಪತ್ರ ಬರೆಯಲು ಸಹಾಯ ಬೇಕಿದ್ದರೆ ಅದನ್ನೂ ತಿಳಿಸಿ, ಕೂತು ಬರೆದುಕೊಡುತ್ತೇನೆ.

— ಸಂಪಾದಕ