ಸಂಪಾದಕರ ಉತ್ತರ: ಆ ನೆಲಹಾಸು ಹರಿದಂತೆಯೇ ಇರಲಿ

ಸಾಗರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಅಮೆರಿಕದ ಕನ್ಸಾಸ್ ಸಿಟಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಪಕ್ಕದ ಇಂಡಿಪೆಂಡೆನ್ಸ್ ಊರಿನಲ್ಲಿ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಮನೆ ತೋರಿಸಿದಳು. ನೋಡಿ ಬೇಜಾರಾಯಿತು. ಅಡುಗೆಮನೆಯ ನೆಲಹಾಸು ಹರಿದಿದೆ, ಅದಕ್ಕೆ ಮೊಳೆ ಹೊಡೆದಿದ್ದಾರೆ. ಮಹಡಿಗೆ ಬಿಡುವುದಿಲ್ಲ. ಅಷ್ಟು ದೊಡ್ಡ ದೇಶಕ್ಕೆ ಒಂದು ಮನೆ ರಿಪೇರಿ ಮಾಡಿಸಲು ಆಗಲಿಲ್ಲವೇ? ಅಷ್ಟಕ್ಕೂ ಹಿರೋಷಿಮಾ ಮೇಲೆ ಬಾಂಬ್ ಹಾಕಿಸಿದವನ ಮನೆಯನ್ನು ನಾವು ಯಾಕೆ ನೋಡಬೇಕು? ಈ ಬೇಸಿಗೆಯಲ್ಲಿ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇನೆ. ಮನೆ ಅಂದರೆ ಹೇಗಿರಬೇಕು ಅಂತ ಬಂದು ನೋಡಿ."

ಮೇಷ್ಟ್ರೇ, ಬಾಂಬಿನ ವಿಷಯದಲ್ಲಿ ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. 1945ರ ಆಗಸ್ಟ್‌ನಲ್ಲಿ ಆ ಎರಡು ಊರುಗಳಿಗೆ ಆದದ್ದನ್ನು ಯಾವ ಮನೆಯ ಸರಳತೆಯೂ ತೊಳೆಯುವುದಿಲ್ಲ. 1951ರಲ್ಲಿ ನಮ್ಮಲ್ಲಿ ಧಾನ್ಯಕ್ಕೆ ಪರದಾಟವಾದಾಗ 20 ಲಕ್ಷ ಟನ್ ಕೊಳ್ಳಲು ಸಾಲ ಕೊಡುವ ಕಾಯ್ದೆಗೆ ಸಹಿ ಹಾಕಿದವರೂ ಇದೇ ಟ್ರೂಮನ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಬಾರದು. ನಾನು ತೂಗುವುದೂ ಇಲ್ಲ. ಆದರೆ ಅಂಥ ಅಪ್ಪಣೆ ಕೊಟ್ಟ ಮನುಷ್ಯ ಎಂಥ ಮೇಜಿನ ಮುಂದೆ ಕೂತು ತಿಂಡಿ ತಿನ್ನುತ್ತಿದ್ದ ಅಂತ ನೋಡಬೇಕು. ಯಾಕೆಂದರೆ ಅದು ನನ್ನ ನಿಮ್ಮ ಮನೆಯ ಮೇಜಿನಂಥದ್ದೇ. ಅದನ್ನು ನೋಡಿದ ಮೇಲೆ ಚರಿತ್ರೆಯ ಪಾಠ ಮೊದಲಿನ ಹಾಗೆ ಓದಲು ಆಗುವುದಿಲ್ಲ.

ಇನ್ನು ನೆಲಹಾಸಿನ ವಿಷಯ. ಇಲ್ಲಿ ನಾನು ನಿಮ್ಮ ಮಾತನ್ನು ಒಪ್ಪುವುದಿಲ್ಲ.

ಆ ಮನೆಗೆ ನಾನೂ ಹೋಗಿದ್ದೇನೆ. ಒಂದು ಸಣ್ಣ ಗುಂಪನ್ನಷ್ಟೇ ಒಳಗೆ ಬಿಡುತ್ತಾರೆ. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಒಂದು ಕೋಟು, ಒಂದು ಟೋಪಿ ಕಣ್ಣಿಗೆ ಬಿತ್ತು. ಅದಕ್ಕೆ ಗಾಜಿನ ಪೆಟ್ಟಿಗೆ ಇಲ್ಲ, ಕೆಳಗೆ ದೀಪ ಇಲ್ಲ. ಯಾರೋ ವಾಕಿಂಗ್ ಮುಗಿಸಿ ಬಂದು ತಗುಲಿಹಾಕಿ, ಒಳಗೆ ನೀರು ಕುಡಿಯಲು ಹೋದ ಹಾಗೆ ಇತ್ತು. ಟ್ರೂಮನ್ ತೀರಿಕೊಂಡದ್ದು 1972ರ ಡಿಸೆಂಬರ್‌ನಲ್ಲಿ. ಅವರ ಹೆಂಡತಿ ಬೆಸ್ ಅದಾದ ಮೇಲೂ ಹತ್ತು ವರ್ಷ ಹತ್ತಿರ ಹತ್ತಿರ ಅದೇ ಮನೆಯಲ್ಲಿ ಬದುಕಿದರು. ಕೋಟನ್ನು ಅಲ್ಲಿಂದ ತೆಗೆಯಲಿಲ್ಲ. 1982ರಲ್ಲಿ, 97ನೇ ವಯಸ್ಸಿಗೆ ಹೋಗುವಾಗ ಮನೆಯನ್ನು ದೇಶಕ್ಕೆ ಬರೆದುಕೊಟ್ಟರು. ಮನೆ ಕೈಗೆ ಬಂದವರೂ ಅದನ್ನು ತೆಗೆಯಲಿಲ್ಲ. ಮೇಷ್ಟ್ರೇ, ಆ ಕೋಟಿನ ಮುಂದೆ ನನಗೆ ಗಂಟಲು ಕಟ್ಟಿತು. ನಿಮಗೆ ಏನೂ ಅನ್ನಿಸಲಿಲ್ಲವೇ?

ಆ ಮನೆ ಟ್ರೂಮನ್ ಕಟ್ಟಿಸಿದ್ದೂ ಅಲ್ಲ. ಅದು ಬೆಸ್ ಅವರ ತಾತನ ಮನೆ. 1919ರಲ್ಲಿ ಮದುವೆಯಾಗಿ ಮನೆ ಅಳಿಯನಾಗಿ ಬಂದವರು. ಅಧ್ಯಕ್ಷಗಿರಿ ಮುಗಿದದ್ದು 1953ರ ಜನವರಿಯಲ್ಲಿ. ರೈಲು ಹತ್ತಿ ಹೆಂಡತಿ ಜೊತೆ ಈ ಮನೆಗೇ ವಾಪಸ್ ಬಂದರು. ಆಗ ಮಾಜಿ ಅಧ್ಯಕ್ಷರಿಗೆ ಪಿಂಚಣಿಯೇ ಇರಲಿಲ್ಲ. ಹಳೇ ಸೈನಿಕ ಅಂತ ತಿಂಗಳಿಗೆ 112 ಡಾಲರ್ ಚಿಲ್ಲರೆ ಬರುತ್ತಿತ್ತು. ಅಧ್ಯಕ್ಷರ ಪಿಂಚಣಿ ಕಾಯ್ದೆ ಬಂದದ್ದು 1958ರಲ್ಲಿ. ಹಾಗಂತ ಅವರು ಕಡುಬಡವರು ಅಂತ ನಾನು ಹೇಳುತ್ತಿಲ್ಲ. ಆತ್ಮಕಥೆ ಬರೆದು ಒಳ್ಳೇ ದುಡ್ಡು ಮಾಡಿದರು. ದುಡ್ಡಿದ್ದೂ ಅಡುಗೆಮನೆಗೆ ಹೊಸ ನೆಲ ಹಾಕಿಸಬೇಕು ಅಂತ ಆ ಗಂಡ ಹೆಂಡತಿಗೆ ಅನ್ನಿಸಲಿಲ್ಲ. ಹರಿದ ಕಡೆ ಮೊಳೆ ಹೊಡೆದರೆ ಸಾಕಾಗಿತ್ತು. ನೀವು ಬೇಜಾರುಪಟ್ಟ ಆ ಮೊಳೆಗಳೇ ಅವರು ಹೇಗೆ ಬಾಳಿದರು ಅನ್ನುವುದಕ್ಕೆ ಸಾಕ್ಷಿ. ರಿಪೇರಿ ಮಾಡಿಸಿದ್ದರೆ ಸಾಕ್ಷಿಯೇ ಹೋಗುತ್ತಿತ್ತು, ಅಲ್ವಾ?

ಮಹಡಿಗೆ ಬಿಡದೇ ಇರುವುದಕ್ಕೂ ಕಾರಣ ಇದೆ. ಮಗಳು ಮಾರ್ಗರೆಟ್ ಬದುಕಿರುವ ತನಕ ಮೇಲಿನ ಕೋಣೆಗಳನ್ನು ಜನರಿಗೆ ತೋರಿಸಬೇಡಿ ಅಂತ ಬೆಸ್ ಕೇಳಿಕೊಂಡಿದ್ದರು. ಮಗಳೂ 2008ರಲ್ಲಿ ಹೋದರು. ಆಮೇಲೂ ಆ ಮೆಟ್ಟಿಲು ಹತ್ತಿಸುತ್ತಿಲ್ಲ. ವಾಷಿಂಗ್ಟನ್ನಿನಿಂದ ಬಂದ ಮೇಲೆ ಮನೆಯಲ್ಲಿ ಮೊದಲು ಏನು ಮಾಡಿದಿರಿ ಅಂತ ಪತ್ರಕರ್ತರೊಬ್ಬರು ಕೇಳಿದ್ದಕ್ಕೆ, ಸೂಟ್‌ಕೇಸ್‌ಗಳನ್ನು ಅಟ್ಟಕ್ಕೆ ಹೊತ್ತು ಹಾಕಿದೆ ಅಂದಿದ್ದರಂತೆ ಟ್ರೂಮನ್. ಆ ಅಟ್ಟ ನೋಡಬೇಕು ಅಂತ ನನಗೂ ಆಸೆ ಇತ್ತು. ಬಿಡಲಿಲ್ಲ. ಸತ್ತವರ ಮಾತಿಗೆ ಇಷ್ಟು ಬೆಲೆ ಕೊಡುವವರನ್ನು ಕಂಡರೆ ನನಗೆ ಗೌರವ.

ನಮ್ಮ ಕಥೆ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮ ನಾಡಿನ ಹಿರಿಯರೊಬ್ಬರ ಮನೆ ನೋಡಲು ಹೋಗಿದ್ದೆ. ಸ್ಮಾರಕ ಮಾಡಿದ್ದಾರೆ ಅಂತ ಕೇಳಿ ಖುಷಿಯಾಗಿತ್ತು. ಬಾಗಿಲಲ್ಲೇ ಗ್ರಾನೈಟು. ಕೆಂಪು ರೆಡ್ ಆಕ್ಸೈಡ್ ನೆಲ ಕಿತ್ತು ಬಿಳೀ ಟೈಲ್ಸ್ ಹಾಕಿದ್ದರು. ಜಗಲಿ ಇದ್ದಲ್ಲಿ ಶಂಕುಸ್ಥಾಪನೆಯ ಕಲ್ಲು. ಅದರಲ್ಲಿ ಆ ಹಿರಿಯರ ಹೆಸರಿಗಿಂತ ಬಂದುಹೋದವರ ಹೆಸರುಗಳೇ ದಪ್ಪಕ್ಷರದಲ್ಲಿ ಇದ್ದವು. ಒಲೆ ಎಲ್ಲಿತ್ತು ಅಂತ ಕೇಳಿದೆ. ಅಲ್ಲಿದ್ದ ಹುಡುಗ ಪಾಪ, ಅಡುಗೆಮನೆಯನ್ನು ಆಫೀಸು ಮಾಡಿದ್ದಾರೆ ಸಾರ್ ಅಂದ. ಆ ತಾಯಿ ಐವತ್ತು ವರ್ಷ ಬೇಯಿಸಿ ಬಡಿಸಿದ ಜಾಗದಲ್ಲಿ ಕಬ್ಬಿಣದ ಬೀರು ನಿಂತಿತ್ತು.

ಎಲ್ಲ ಕಡೆಯೂ ಹೀಗೇ ಅಂತಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದ್ದರು. ಜನ ಕೂಗಾಡಿದ್ದಕ್ಕೆ ಉಳಿಯಿತು. ನಗರಪಾಲಿಕೆ ಕೊಂಡು, ಸರಿಮಾಡಿಸಿ, 2016ರಲ್ಲಿ ಬಾಗಿಲು ತೆರೆಯಿತು. ಆದರೆ ಸುಮ್ನೆ ಕೂತಿದ್ದರೆ? ಇವತ್ತು ಅಲ್ಲಿ ಅಪಾರ್ಟ್‌ಮೆಂಟ್ ನಿಂತಿರುತ್ತಿತ್ತು. ನಮಗೆ ಹೊಳೆಯುವುದರ ಮೇಲೆ ಆಸೆ ಜಾಸ್ತಿ. ಅಪ್ಪ ಹೋದ ತಿಂಗಳಿಗೇ ಅವರ ಆರಾಮ ಕುರ್ಚಿ ಗುಜರಿಗೆ ಹೋಗುತ್ತದೆ. ಕನ್ನಡಕ ಎಲ್ಲೋ ಕಳೆಯುತ್ತದೆ. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾರದ ಒಂದು ಫೋಟೊ ಉಳಿಯುತ್ತದೆ, ಅಷ್ಟೇ.

ಮೇಷ್ಟ್ರೇ, ನೀವು ಮೂವತ್ತು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಮೊಳೆ ಹೊಡೆದದ್ದನ್ನೂ ಬಿಡದೆ ಗಮನಿಸಿ ಬರೆದಿದ್ದೀರಿ. ಎಂಟು ದಿನದ ಪ್ರವಾಸ ಮಾಡಿ ಬರೀ ಸೆಲ್ಫಿ ತರುವವರಿಗೆ ಇಂಥ ಕಣ್ಣು ಇರುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮನೆ ಕೆಡವಬೇಡಿ ಅನ್ನಲು ನಾನು ಯಾರು? ಮಳೆಗಾಲದಲ್ಲಿ ಸೋರುವ ಮಾಡಿನ ಕಷ್ಟ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಕೆಲಸದವರು ಬರುವ ಮುಂಚೆ ಒಂದು ದಿನ ನಿಮ್ಮ ಮೇಡಂ ಜೊತೆ ಆ ಅಡುಗೆಮನೆಯಲ್ಲಿ ಕೂತು ಬನ್ನಿ. ನಿಮ್ಮ ತಾಯಿ ಎಲ್ಲಿ ಕೂತು ಮಜ್ಜಿಗೆ ಕಡೆಯುತ್ತಿದ್ದರು, ಹಾಲಿನ ಲೆಕ್ಕವನ್ನು ಯಾವ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚುತ್ತಿದ್ದರು ಅಂತ ಬರೆದಿಡಿ. ಬರೆದದ್ದನ್ನು ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ. ಆಗುವುದಾದರೆ ಆ ಒಂದು ಗೋಡೆಯನ್ನು ಮಾತ್ರ ಹೊಸ ಮನೆಯೊಳಗೆ ಹಾಗೇ ಉಳಿಸಿಕೊಳ್ಳಿ. ಸುಣ್ಣ ಹೊಡೆಸಬೇಡಿ.