ಹೊಟ್ಟೆಯ ಬ್ಯಾಕ್ಟೀರಿಯಾ ಕೆಂಪು ರಕ್ತಕಣಗಳನ್ನು ಹೇಗೆ ಒಡೆಯುತ್ತವೆ, ಯಾಕೆ?

ಮುಖ್ಯ ಕಾರಣ ಕಬ್ಬಿಣ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು, ಆದರೆ ನಮ್ಮ ದೇಹ ಅದನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ. ಹೆಚ್ಚಿನ ಭಾಗ ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಕಣ ಒಡೆದರೆ ಅದು ಸಿಗುತ್ತದೆ.

ಈ ಕೆಲಸ ಮಾಡುವ ವಿಷಗಳಿಗೆ ಹಿಮೋಲೈಸಿನ್ ಎನ್ನುತ್ತಾರೆ. ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬಿಡುವ ಆಲ್ಫಾ ಹಿಮೋಲೈಸಿನ್ 1024 ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನು. ಹೊರಗೆ ಬಂದ ಮೇಲೆ ಕ್ಯಾಲ್ಸಿಯಂ ಹಿಡಿದುಕೊಂಡು ಸರಿಯಾದ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ರಕ್ತಕಣದ ಪೊರೆಗೆ ಹೊಕ್ಕು ತೂತು ಮಾಡುತ್ತದೆ. ಒಳಗೆ ಉಪ್ಪಿನಂಶ, ನೀರು ನುಗ್ಗಿ, ಕಣ ಊದಿಕೊಂಡು ಒಡೆಯುತ್ತದೆ. ರಕ್ತ ಬೆರೆಸಿದ ಅಗಾರ್ ಎಂಬ ಜೆಲ್ಲಿಯ ತಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಸಿದರೆ ಸುತ್ತಲೂ ತಿಳಿಯಾದ ಉಂಗುರ ಕಾಣುತ್ತದೆ. ಲ್ಯಾಬ್‌ನಲ್ಲಿ ಇದನ್ನು ಕಣ್ಣಾರೆ ನೋಡುವುದೇ ಚೆಂದ.

ಇಲ್ಲೊಂದು ಗೊಂದಲ ಜಾಸ್ತಿ. ಇ. ಕೋಲಿಯ ಒ157 ಎಂಬ ತಳಿ ಬಿಡುವ ಶಿಗಾ ಎಂಬ ವಿಷವೂ ರಕ್ತಕಣಗಳನ್ನು ನಾಶಮಾಡುತ್ತದೆ ಅಲ್ವಾ ಎಂದು ಕೇಳುತ್ತಾರೆ. ಅದರ ದಾರಿ ಬೇರೆ. ಅದು ಮೂತ್ರಪಿಂಡದ ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಿರಿದಾಗುತ್ತದೆ. ಅದರಲ್ಲಿ ನುಸುಳುವಾಗ ರಕ್ತಕಣಗಳು ಹರಿದು ಚೂರಾಗುತ್ತವೆ. 2011ರಲ್ಲಿ ಜರ್ಮನಿಯಲ್ಲಿ ಒ104 ಎಂಬ ಇನ್ನೊಂದು ತಳಿಯಿಂದ 800ಕ್ಕೂ ಹೆಚ್ಚು ಜನರಿಗೆ ಹೀಗಾಯಿತು. ತನಿಖೆಯಲ್ಲಿ ಬೆರಳು ತೋರಿದ್ದು ಮೊಳಕೆ ಬರಿಸಿದ ಮೆಂತ್ಯದ ಕಡೆಗೆ!

ಭೇದಿಯಲ್ಲಿ ರಕ್ತ ಕಂಡರೆ ದಯವಿಟ್ಟು ನೀವೇ ಆಂಟಿಬಯೋಟಿಕ್ ನುಂಗಬೇಡಿ. ಕೆಲವು ಔಷಧಿಗಳು ಶಿಗಾ ವಿಷದ ಬಿಡುಗಡೆಯನ್ನೇ ಹೆಚ್ಚಿಸಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ, ಮಕ್ಕಳಾದರೆ ಇನ್ನೂ ಬೇಗ.