ವೆನಿಸ್‌ದಾಗ ಎರಡು ರಾತ್ರಿ, ಒಂದು ಮಣಕಾಲ ನೋವು: ಓದುಗರು ಕೇಳ್ಯಾರ

ಪ್ರಶ್ನೆ: ನಾನು ರಿಟೈರ್ ಆದ ಹಿಸ್ಟರಿ ಮಾಸ್ತರ. ಮೇ ತಿಂಗಳದಾಗ ಮಗಳ ಹತ್ರ ಮ್ಯೂನಿಕ್‌ಗೆ ಹೊಂಟೀವಿ, ಅಲ್ಲಿಂದ ಎರಡು ರಾತ್ರಿ ವೆನಿಸ್‌ಗೆ ಹೋಗಿ ಬರೂಣು ಅಂತ ಮನಿಯವ್ರ ಆಸೆ. ಊರಾಗ ಹೋಟೆಲ್ ತುಟ್ಟಿ, ಹೊರಗ ಮೆಸ್ತ್ರೆದಾಗ ಸೋವಿ ಅಂತಾರ, ಖರೇನ್ರಿ? ಮನಿಯವ್ರಿಗೆ ಮಣಕಾಲ ನೋವು. ಇಬ್ಬರೂ ಶಾಕಾಹಾರಿ. ಇಟಲಿದ್ದು ಬ್ಯಾರೆ ವೀಸಾ ಬೇಕೇನು?
— ಒಬ್ಬ ಓದುಗರು, ಧಾರವಾಡ

ಉತ್ತರ: ಸರ್, ವೀಸಾ ಬ್ಯಾರೆ ಬ್ಯಾಡ. ಷೆಂಗೆನ್ ವೀಸಾ ಒಂದ ಸಾಕು, ಹೆಚ್ಚು ದಿವಸ ಎಲ್ಲಿರ್ತೀರೋ ಆ ದೇಶಕ್ಕ ಅರ್ಜಿ, ಅಂದ್ರ ನಿಮ್ಮದು ಜರ್ಮನಿಗೆ. ಕನಿಷ್ಠ 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಮಾತ್ರ ಮರೀಬ್ಯಾಡ್ರಿ.

ಮೆಸ್ತ್ರೆ ಸೋವಿ ಹೌದು, ಆದ್ರ ಅಲ್ಲಿ ಉಳೀಬ್ಯಾಡ್ರಿ ಅಂತೀನಿ. ನಾವೂ ಮೊದಲ ಸಲ ಹಂಗ ಮಾಡಿದ್ವಿ, ಮುಂಜಾನೆ ನಾಷ್ಟಾ ಮುಗಿಸಿ ರೈಲು ಹಿಡದು ಸಾನ್ ಮಾರ್ಕೊ ಚೌಕ ಮುಟ್ಟೂದ್ರಾಗ ಹತ್ತೂವರೆ, ಅಷ್ಟೊತ್ತಿಗೆ ಅಲ್ಲಿ ತೇರು ಎಳಿಯೂ ದಿವಸದ ಗದ್ದಲ, ಸಂಜಿಗೆ ಮಂದಿ ಕರಗಿ ಊರು ಚಂದ ಕಾಣಾಕ ಹತ್ತಿತು ಅನ್ನೂದ್ರಾಗ ನಮಗ ವಾಪಸ್ ಹೋಗೂ ಚಿಂತಿ. ಎರಡನೇ ಸಲ ಊರೊಳಗ ಉಳದ್ವಿ. ಮುಂಜಾನೆ ಆರಕ್ಕ ಹೊರಗ ಬಂದ್ರ ಕಾಲುವ್ಯಾಗ ಕಸದ ದೋಣಿ, ಹಿಂದ ತರಕಾರಿ ಕ್ರೇಟ್ ಹೇರಿದ ದೋಣಿ, ಅದರ ಹಿಂದ ಹೋಟೆಲಿನ ಅರವಿ ಗಂಟಿನ ದೋಣಿ. ಒಂದು ಕಾರಿಲ್ಲ, ಬೈಕಿಲ್ಲ. ಸೇತುವಿ ಮ್ಯಾಲೆ ನಿಂತು ಅರ್ಧಾ ತಾಸು ಅದನ್ನ ನೋಡಿದ್ವಿ, ಆ ಟ್ರಿಪ್‌ದಾಗ ನನಗ ನೆನಪುಳದದ್ದು ಇದ.

ಈಗ ಮಣಕಾಲಿನ ಮಾತು, ಇದು ಮುಖ್ಯ. 118 ಸಣ್ಣ ದ್ವೀಪ, 400ಕ್ಕೂ ಮ್ಯಾಲೆ ಸೇತುವಿ, ಹೆಚ್ಚಿನವಕ್ಕೆಲ್ಲಾ ಪಾವಟಿಗಿ. ನಕ್ಷಾದಾಗ ಐದು ನಿಮಿಷ ಅಂತ ಇರತೈತಿ, ನಡುವ ನಾಕು ಸೇತುವಿ ಹತ್ತಿ ಇಳಿದಿರ್ತೀರಿ. ನಮ್ಮ ದೊಡ್ಡ ಸೂಟ್‌ಕೇಸಿನ ಗಾಲಿ ಎರಡನೇ ಸೇತುವಿಗೇ ಕಿತ್ತು ಬಂತು, ಮುಂದೆಲ್ಲಾ ಹೆಗಲ ಮ್ಯಾಲೆ. ಹಂಗಾಗಿ ದೊಡ್ಡ ಲಗೇಜ್ ಮಗಳ ಮನ್ಯಾಗ ಬಿಟ್ಟು ಒಬ್ಬೊಬ್ಬರು ಒಂದೊಂದು ಬೆನ್ನಚೀಲ ತಗೋರಿ, ರೂಮ್ ಮಾಡೂ ಮುಂದ ವಪೊರೆತ್ತೊ ದೋಣಿ ಸ್ಟಾಪಿಂದ ನಡುವ ಎಷ್ಟು ಸೇತುವಿ ಅದಾವು ಅಂತ ಕೇಳ್ರಿ, ಸೊನ್ನಿ ಅಂದ್ರ ಬುಕ್ ಮಾಡ್ರಿ.

ವಪೊರೆತ್ತೊ ಅಂದ್ರ ನೀರಿನ ಸಿಟಿ ಬಸ್, ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಇದ್ದಂಗ. ಗ್ರ್ಯಾಂಡ್ ಕೆನಾಲ್ ಸುಮಾರು 3.8 ಕಿಲೋಮೀಟರ್ ಉದ್ದ, ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಎರಡೂವರೆ ಜೋಡಿಸಿದಂಗ. ರೈಲು ಇಳದ ಸಾಂತಾ ಲೂಚಿಯಾ ಸ್ಟೇಷನ್ನಿನ ಮುಂದ ಒಂದನೇ ನಂಬರ್ ದೋಣಿ ಹತ್ತಿದ್ರ ಸ್ಟಾಪ್ ಸ್ಟಾಪಿಗೆ ನಿಂತು ಸಾನ್ ಮಾರ್ಕೊ ತನಕಾ ಹೋಗತೈತಿ, ಕುಂತಲ್ಲೇ ಅರಮನಿ, 1591ರಾಗ ಮುಗಿದ ರಿಯಾಲ್ಟೊ ಕಲ್ಲಿನ ಸೇತುವಿ, ಎಲ್ಲಾ ಕಾಣತಾವು. 75 ನಿಮಿಷದ ಟಿಕೆಟ್ಟ 9.50 ಯೂರೋ ಐತಿ, ಅದಕ್ಕ 48 ತಾಸಿನ ಪಾಸ್ ತಗೋರಿ.

ಮ್ಯಾಲಿಂದ ಊರು ನೋಡಾಕ ಎಲ್ಲಾರೂ ಸಾನ್ ಮಾರ್ಕೊ ಗಂಟಿ ಗೋಪುರಕ್ಕ ಕ್ಯೂ ಹಚ್ಚತಾರ. 1902ರಾಗ ಬಿದ್ದು 1912ರಾಗ ಮತ್ತ ಕಟ್ಟಿದ್ದು ಅದು. ನೀವು ಎದುರಿನ ಸಾನ್ ಜಾರ್ಜೊ ದ್ವೀಪದ ಗೋಪುರಕ್ಕ ಹೋಗ್ರಿ, ಅಲ್ಲೂ ಲಿಫ್ಟ್ ಐತಿ, ಮಂದಿ ಕಡಿಮಿ. ಮತ್ತ ಸರ್, ವಿಜಯನಗರದ ಪಾಠದಾಗ ನಿಕೊಲೊ ಕೊಂಟಿ ಅಂತ ಮಕ್ಕಳಿಗೆ ಹೇಳಿರಬೇಕಲ್ಲ, ಸುಮಾರು 1420ಕ್ಕ ಹಂಪಿಗೆ ಬಂದಾಂವ? ಅಂವಾ ಇದ ಉಪ್ಪುನೀರಿನ ದಂಡಿಯ ಕಿಯೊಜಾದಾಂವ. ಅಂವಾ ನಮ್ಮೂರು ನೋಡಿದ ಮ್ಯಾಲೆ ನೀವು ಅವನೂರು ನೋಡೂದು ನ್ಯಾಯ ಐತಿ.

ಊಟ? ಆ ಊರಿಂದು ಮೀನಿನ ಊಟ. ಪಿಜ್ಜಾ ಮಾರ್ಗೆರಿಟಾ, ತರಕಾರಿ ಪಾಸ್ತಾ ಸಿಗತಾವು, "ಸೆಂಜಾ ಕಾರ್ನೆ, ಸೆಂಜಾ ಪೆಶೆ" ಅನ್ರಿ, ಮಾಂಸಾ ಬ್ಯಾಡ ಮೀನಾ ಬ್ಯಾಡ ಅಂತ. ಪೊಲೆಂತಾ ಗೋವಿನ ಜೋಳದ ನುಚ್ಚಿನಂಗ, ಶೇಂಗಾ ಚಟ್ನಿ ಪುಡಿ ಹಾಕ್ಕೊಂಡ್ರ ಇಳಿತೈತಿ. ಕಡಕ್ ರೊಟ್ಟಿ ಒಯ್ರಿ, ಆದ್ರ ತುಪ್ಪದ ಡಬ್ಬಿ ಬ್ಯಾಡ, ಹೊರಗಿನ ದೇಶದ ಹಾಲಿನ ಪದಾರ್ಥ ಯೂರೋಪಿನೊಳಗ ಬಿಡೂದಿಲ್ಲ. ಪೇಡಾನೂ ಖವಾದ್ದ, ಮಗಳು ಬೈದ್ರೂ ಮನ್ಯಾಗ ಬಿಡ್ರಿ.

ಪ್ರಶ್ನೆ: ಗೊಂಡೊಲಾ ದೋಣಿಗೆ ತಲಿಗೆ 90 ಯೂರೋ ಅಂತ ಕೇಳೀನಿ. ಖರೇ?
— ಒಬ್ಬ ಓದುಗ ತಂಗಿ, ಗದಗ

ಉತ್ತರ: ತಲಿಗಲ್ಲವ್ವಾ, ದೋಣಿಗೆ! ಹಗಲಿಗೆ ಅರ್ಧಾ ತಾಸಿಗೆ 90, ಸಂಜಿ ಏಳರ ಮ್ಯಾಲೆ 110, ಐದು ಮಂದಿ ತನಕಾ ಕೂಡಬಹುದು. ಅದೂ ತುಟ್ಟಿ ಅನಿಸಿದ್ರ ಕೆನಾಲ್ ದಾಟಿಸೂ "ತ್ರಾಗೆತ್ತೊ" ಅಂತ ಐತಿ, ಎರಡು ಯೂರೋ, ಎರಡು ನಿಮಿಷ, ಫೋಟೋಕ್ಕ ಸಾಕು. ಉಳಿದ ರೊಕ್ಕದಾಗ ಬುರಾನೊ ದ್ವೀಪಕ್ಕ ಹೋಗು, ಬಣ್ಣ ಬಣ್ಣದ ಮನಿ, ಕೈಲೇ ಹೆಣೆಯೂ ಲೇಸ್. ಬೆಟಗೇರಿ ಮಗ್ಗ ನೋಡಿ ಬೆಳದಾಕಿಗೆ ಅಲ್ಲಿ ಟೈಮ್ ಸಾಲೂದಿಲ್ಲ.

ಪ್ರಶ್ನೆ: ನವೆಂಬರ್‌ದಾಗ ಟಿಕೆಟ್ ಸೋವಿ ಐತಿ, ಊರು ಮುಳಗತೈತಿ ಅಂತ ಗೆಳೆಯಾ ಹೆದರಿಸ್ಯಾನ.
— ಒಬ್ಬ ಓದುಗರು, ಹಾವೇರಿ

ಉತ್ತರ: 2019ರ ನವೆಂಬರ್ 12ಕ್ಕ ನೀರು 187 ಸೆಂಟಿಮೀಟರ್ ಏರಿತ್ತು, ಗೆಳೆಯಾ ಅದನ್ನ ನೋಡಿರಬೇಕು. 2020ರಿಂದ ಸಮುದ್ರದ ನೀರು ತಡಿಯಾಕ ಮೋಸೆ ಅಂತ 78 ಗೇಟ್ ಕೆಲಸಾ ಮಾಡಾಕತ್ತಾವು. ನಮ್ಮ ಡ್ಯಾಮಿನ ಗೇಟ್ ಮ್ಯಾಲಿಂದ ಇಳಿತಾವಲ್ಲ, ಇವು ಸಮುದ್ರದ ತಳದಾಗ ನೀರು ತುಂಬಿಕೊಂಡು ಮಲಗಿರ್ತಾವು, ಒಳಗ ಗಾಳಿ ತುಂಬಿದ ಕೂಡ್ಲೆ ಎದ್ದು ನಿಂದ್ರತಾವು. ಹೋಗ್ರಿ, ಬೂಟು ಮಾತ್ರ ನೀರು ಹಿಡೀಲಾರದ್ದು ಹಾಕ್ಕೋರಿ, ಸಾನ್ ಮಾರ್ಕೊ ತಗ್ಗಿನ್ಯಾಗ ಐತಿ.